ಕೌದಿಯ ಕಡೆಯ ಚೌಕ

ಪುಣೆ, ೧೪ ಆಗಸ್ಟ್ ೧೯೮೬

ಪ್ರೀತಿಯ ಯಮನವ್ವಾ,

ಇದನ್ನು ನಿನ್ನ ಗಂಡ ಲಾಲಪ್ಪ ಓದಿ ಹೇಳುತ್ತಾನೆ. ನಡುನಡುವೆ ನುಂಗಿಬಿಟ್ಟಾನು, ಗದರಿಸಿ ಪೂರ್ತಿ ಓದಿಸಿಕೋ.

ಎಂಟು ವರ್ಷದ ಹಿಂದೆ ಅವನು ಖಡಕಿಯ ಕಟ್ಟಡದ ಕೆಲಸ ಬಿಟ್ಟು ನಿನ್ನನ್ನು ನಮ್ಮ ಮಾನಸಿಕ ಆಸ್ಪತ್ರೆಗೆ ಕರೆತಂದಾಗ, ನಿನ್ನ ಕೂಸು ಹುಲಿಗೆವ್ವ ಜ್ವರದಲ್ಲಿ ತೀರಿ ಎರಡು ತಿಂಗಳಾಗಿತ್ತು. ನೀನು ಏಳುತ್ತಿರಲಿಲ್ಲ. ಒತ್ತಾಯಕ್ಕೆ ಎರಡು ಗುಟುಕು ಗಂಜಿ, ಅಷ್ಟೇ. "ಜೀವಾನ ಒಲ್ಲೆ ಅಂತದ್ರೀ ಬಾಯಾರ" ಎಂದಿದ್ದೆ ನೀನು. ನಾಲ್ಕು ವಾರದಲ್ಲಿ ಚೇತರಿಸದಿದ್ದರೆ ಬೀಗದ ವಾರ್ಡಿಗೆ ಎಂದು ಹಿರಿಯ ಡಾಕ್ಟರು ಪಂಢರಿನಾಥರು ಗಡುವು ಹಾಕಿದರು.

ನಾನೋ ಧಾರವಾಡದ ಜಾಣೆ, ಹೊಸ ಡಾಕ್ಟರು. ಪರದೇಶದ ಪುಸ್ತಕ ಓದಿ ಒಂದು ಹಾಳೆ ಮಾಡಿದ್ದೆ: ದಿನಕ್ಕೊಂದು ಚೌಕ, ನಾಲ್ಕು ವಾರಕ್ಕೆ ಇಪ್ಪತ್ತೆಂಟು. ದಿನಾ ಒಂದು ಸಣ್ಣ ಕೆಲಸ ಮಾಡಬೇಕು, ಮಾಡಿದರೆ ಚೌಕದಲ್ಲಿ ಗುರುತು ಹಾಕಬೇಕು. ಕೈ ಮೊದಲು ಎದ್ದರೆ ಮನಸ್ಸೂ ಹಿಂದಿನಿಂದ ಏಳುತ್ತದೆ ಎಂಬ ಚಿಕಿತ್ಸೆ. ಗಡಬಡಿಸಿ ಹೇಳಿ ನಿನ್ನನ್ನು ಕಳಿಸಿದೆ.

ಮುಂದಿನ ವಾರ ನೀನು ಹಾಳೆ ತರಲಿಲ್ಲ. ಸೆರಗಿನಡಿಯಿಂದ ಏಳು ಅರಿವೆ ತುಂಡು ಜೋಡಿಸಿದ ಪಟ್ಟಿ ತೆಗೆದೆ. "ಕೌದಿ ಹೊಲಿ ಅಂತನ ಚೌಕ ಬರದ ಕೊಟ್ಟಿದ್ರೆಲ್ರೀ?"

ಅಯ್ಯ ಶಿವನೇ! ನನಗೆ ನಗು ಬಂತು, ನುಂಗಿದೆ. ಆಮೇಲೆ ಸರಿಯಾಗಿ ನೋಡಿದೆ. ಮಲಗಿಯೇ ಇದ್ದ ದಿನಕ್ಕೆ ಕರಿ ತುಂಡು, ಎದ್ದು ನೀರು ತಂದ ದಿನಕ್ಕೆ ಕೆಂಪು. ಐದು ಕರಿ, ಎರಡು ಕೆಂಪು. ನಿನ್ನ ಕೌದಿಯೇ ನನ್ನ ಹಾಳೆಯಾಗಿತ್ತು ಯಮನವ್ವಾ. ಕೊಡಲೆಂದು ಹಿಡಿದಿದ್ದ ಹೊಸ ಹಾಳೆಯನ್ನು ಮಡಿಚಿಟ್ಟೆ.

ಅಂದಿನಿಂದ ನಾನೇ ನಿಮ್ಮ ಗುಡಿಸಲಿಗೆ ಬಂದೆ. ಪಕ್ಕದ ಹೆಂಗಸರೂ ಸೂಜಿ ಹಿಡಿದು ನಿನ್ನ ಸುತ್ತ ಕೂತರು. ಕೆಂಪು ಹೆಚ್ಚಿತು. ಆದರೂ ನೀನು ಉಣ್ಣಲಿಲ್ಲ.

ಇಪ್ಪತ್ತೆಂಟನೆಯ ದಿನ, ಕಡೆಯ ಚೌಕಕ್ಕೆ ನೀನು ಕೂಸಿನ ತಲೆಗೆ ಕಟ್ಟುತ್ತಿದ್ದ ಕುಂಚಿಗೆಯನ್ನು ಇಟ್ಟೆ. "ಒಂದ ಚೂರು ರೊಟ್ಟಿ ಅದ ಏನ್ರೀ?" ಎಂದು ಕೇಳಿದೆ. ನಾನು ನನ್ನ ಡಬ್ಬಿಯಿಂದ ಅರ್ಧ ರೊಟ್ಟಿ ಕೊಟ್ಟೆ. "ಕೌದಿ ಉಪಾಸ ಇಡಬಾರದ್ರೀ ಬಾಯಾರ, ಕಡೀ ಚೌಕದಾಗ ರೊಟ್ಟಿ ಇಡ್ತೀವ್ರಿ. ನನ್ನ ಕೂಸು ಹಾಲು ಒಲ್ಲದ ಉಪಾಸ ಹೋತು." ಒಂದು ಚೂರನ್ನು ಕುಂಚಿಗೆಯ ಒಳಗಿಟ್ಟು ಹೊಲಿದು, ದಾರ ಹಲ್ಲಿನಿಂದ ಕಡಿದು, ಉಳಿದದ್ದನ್ನು ನೀನೇ ಬಾಯಿಗೆ ಹಾಕಿಕೊಂಡೆ. ಮರುದಿನ ಆಸ್ಪತ್ರೆಯಲ್ಲಿ ಪಂಢರಿನಾಥರು ಕೌದಿಯ ಮೇಲೆ ಕೈಯಾಡಿಸಿ, "ಘರೀ ಜಾಊ ದ್ಯಾ ತಿಲಾ" ಎಂದರು, ಅವಳನ್ನು ಮನೆಗೆ ಹೋಗಲು ಬಿಡಿ ಅಂತ. ಬೀಗದ ವಾರ್ಡು ತಪ್ಪಿತು.

ಈಗ ಯಾಕೆ ಬರೆಯುತ್ತಿದ್ದೇನೆಂದರೆ, ನನ್ನ ಅವ್ವ ಕೃಷ್ಣಾಬಾಯಿ ತೀರಿ ಮೂರು ವಾರವಾಯಿತು. ಅಷ್ಟು ಜನರನ್ನು ಎಬ್ಬಿಸಿದ ನಾನೇ ಹಾಸಿಗೆ ಬಿಟ್ಟು ಏಳಲಾರೆ. ನಾಚಿಕೆಯಾಗುತ್ತದೆ. ಇವತ್ತು ಮುಂಜಾನೆ ಅವಳ ಇಳಕಲ್ ಸೀರೆ ಕತ್ತರಿಸಿ ಒಂದು ಚೌಕ ಹೊಲಿದೆ. ಹೊಲಿಗೆ ಸೊಟ್ಟ, ಕಂಡರೆ ನೀನು ಬಿದ್ದು ಬಿದ್ದು ನಗುತ್ತೀ. ಬಣ್ಣ ಮಾತ್ರ ಕೆಂಪು.

ಇನ್ನು ಇಪ್ಪತ್ತೇಳು ಇವೆ. ಕಡೆಯದರ ಹೊತ್ತಿಗೆ ನೀನು ಬಾ. ಈ ಸಲ ರೊಟ್ಟಿ ನೀನೇ ತರಬೇಕು.

ನಿನ್ನ ಸೂಜಿಗೆ ದಾರ ತೀರದಿರಲಿ.

ನಿನ್ನ ಬಾಯಾರು,
ನೀರಜಾ