ನಾಲ್ಕನೇ ಖಾನೆಯ ಡಿಸ್ಕ್

ಪುಟ್ಟಿ,

ಬಟ್ಟೆ ಹಿಂಡುವುದನ್ನು ಅರ್ಧಕ್ಕೇ ಬಿಟ್ಟು ಬರೆಯುತ್ತಿದ್ದೇನೆ. ರಿಪೇರಿಗೆಂದು ನೀನು ತಂದ ಹಳೇ ಸರ್ವರ್ ಕಂಪ್ಯೂಟರ್ ನಮ್ಮ ಮಿಕ್ಸಿಗಿಂತ ಜೋರಾಗಿ ಕೂಗುತ್ತದೆ. ಅದರ ತಿರುಪುಗಳು ಉಪ್ಪಿನ ಡಬ್ಬಿಯ ಮುಚ್ಚಳದಲ್ಲಿವೆ, ಎತ್ತಿಕೋ.

ಅದರ ನಾಲ್ಕು ಖಾನೆಗಳಲ್ಲಿ ಮೂರಕ್ಕೆ ಡಿಸ್ಕ್ ಹಾಕಿ, ನಾಲ್ಕನೆಯದಕ್ಕಾಗಿ ಮೂರು ದಿನದಿಂದ ನನ್ನ ಬೀರುವಿನ ಸುತ್ತ ಬೆಕ್ಕಿನ ಹಾಗೆ ಸುಳಿಯುತ್ತಿದ್ದೀಯ. ಕೇಳಲು ಬಾಯಿಲ್ಲವೇ? ಅಪ್ಪನ ಡಿಸ್ಕ್ ಅವರ ಸ್ವೆಟರಿನೊಳಗಿದೆ. ತೀರಿಹೋದ ಅವರ ದನಿ ಉಳಿದಿರುವುದು ಅದೊಂದರಲ್ಲೇ. ಸರ್ವರ್‌ಗೆ ಜೋಡಿಸಿದರೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂದು ನೀನೇ ಹೇಳಿದ್ದೆ. ಮೊದಲು ಎರಡು ಕಡೆ ಕಾಪಿ ಮಾಡು, ಆಮೇಲೆ ನಿನ್ನ ರಿಪೇರಿ.

ಇಗೋ, ಚೀಟಿ ಮುಗಿಸಿ ನಾನು ಅಂಗಡಿಗೆಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ನೀನು ಒಳಗಿನಿಂದ ಅಂತೂ ಬಾಯಿಬಿಟ್ಟೆ, ಅದನ್ನೂ ಬರೆದಿಡುತ್ತೇನೆ:

“ಅಮ್ಮಾ, ಒಂದ್ನಿಮಿಷ ತಡಿ. ಅಪ್ಪನ ದನಿ ಒಟ್ಟಿಗೆ ಕೇಳೋಣ್ವಾ?”