ಐದು ನಿಮಿಷ ಮುಂದೆ

ಅಂಗಡಿಯ ಹಿಂದಿನ ಕೋಣೆಯಿಂದ,
ಮಾರ್ಚ್ ೯, ಭಾನುವಾರ, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಮೂರು

ನನ್ನ ಮುದ್ದು ತಮ್ಮಾ,

ಹೇಗಿದ್ದೀಯೋ? ಕಾಲಿನ ಹುಣ್ಣು ಮಾಯಿತೇ? ಒದ್ದೆ ಕಾಲುಚೀಲದಲ್ಲಿ ಮಲಗಬೇಡ ಎಂದು ಮೂರು ಪತ್ರಗಳಲ್ಲಿ ಬರೆದೆ. ಮೂರಕ್ಕೂ ಉತ್ತರ ಬಂತು, ಕಾಲುಚೀಲದ ಮಾತು ಮಾತ್ರ ಬರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಬಿಡು. ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಅಂಚೆಯವನ ಅಳಿಯ ರಜೆ ಮುಗಿಸಿ ಇವತ್ತು ನಿಮ್ಮ ತುಕಡಿಗೇ ವಾಪಸು ಹೊರಟಿದ್ದಾನೆ. ಸ್ವೆಟರಿನ ಮಡಿಕೆಯೊಳಗಿಟ್ಟು ಹೊಲಿದು ಅವನ ಕೈಗೆ ಕೊಡುತ್ತೇನೆ. ಆದ್ದರಿಂದ ನಮ್ಮ ಪತ್ರಗಳಿಗೆ ಕಪ್ಪು ಮಸಿ ಬಳಿಯುವ ಅಧಿಕಾರಿಯ ಭಯವಿಲ್ಲದೆ, ಇದೊಂದು ಸಲ ನಿಜ ಬರೆಯಬಹುದು.

ಅಪ್ಪ ಆರೋಗ್ಯವಾಗಿದ್ದಾರೆ. ಗಡಿಯಾರದ ಅಂಗಡಿಯ ಬಾಗಿಲು ಮುಚ್ಚಿ ಒಂದೂವರೆ ವರ್ಷವಾಯಿತು. ಇಬ್ಬರೂ ಕಾರ್ಖಾನೆಗೆ ಹೋಗುತ್ತೇವೆ. ಹೊಲಿಗೆ ಯಂತ್ರ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಈಗ ಮಾಡುವುದು ನೀವು ಸೇತುವೆ ಉರುಳಿಸಲು ಸಿಡಿಮದ್ದಿಗೆ ಕಟ್ಟುವ ಗಡಿಯಾರಗಳನ್ನು. ಅಪ್ಪನದು ಮುಳ್ಳು ಕೂರಿಸುವ ಕೆಲಸ, ನನ್ನದು ಮುಚ್ಚಳ ತಿರುಗಿಸಿ ಹಾಕುವ ಕೆಲಸ. ಮೊದಲು ಒಂದೊಂದನ್ನೂ ಪೂರ್ತಿ ಓಡಿಸಿ ನೋಡುತ್ತಿದ್ದರು. ಈಗ ಅಷ್ಟು ಪುರುಸೊತ್ತು ಯಾರಿಗಿದೆ? ಪರೀಕ್ಷೆ ಮಾಡುವವನು ಕಿವಿಗೆ ಹಿಡಿಯುತ್ತಾನೆ, ಟಿಕ್ ಟಿಕ್ ಕೇಳಿದರೆ ಪೆಟ್ಟಿಗೆಗೆ ಹಾಕುತ್ತಾನೆ. ಅಪ್ಪ ಮಾತ್ರ ಅಂಗಡಿಯ ಅಭ್ಯಾಸ ಬಿಟ್ಟಿಲ್ಲ. ಪ್ರತಿ ಮುಚ್ಚಳದ ಒಳಗೂ ಸೂಜಿಯಿಂದ ನಮ್ಮ ಹಕ್ಕಿಕಾಲಿನ ಗುರುತು ಗೀಚುತ್ತಾರೆ. "ಕೆಲ್ಸ ಮಾಡಿದೋನು ನಾನೇ ಮಾಡಿದ್ದು ಅನ್ನೋಕೆ ಹೆದರ್ಬಾರ್ದು" ಎಂಬ ಹಳೇ ಪಾಠ. ನಡುನಡುವೆ ಒಂದನ್ನು ಎತ್ತಿ ಹಿಡಿದು, "ಇದು ನಮ್ಮ ಹುಡುಗನ ಕೈಗೇ ಹೋಗ್ಬೋದು ಕಣಮ್ಮಾ" ಅನ್ನುತ್ತಾರೆ. ಆಗ ಅವರ ಮುಖ ನೋಡಬೇಕು ನೀನು.

ಇದೆಲ್ಲ ಹೇಗೆ ಶುರುವಾಯಿತು ಎಂದು ಹೋದ ಪತ್ರದಲ್ಲಿ ನೀನು ಕೇಳಿದ್ದೆ. ಚೆನ್ನಾಗಿದೆ, ಎರಡು ವರ್ಷ ಹೊಡೆದಾಡಿದ ಮೇಲೆ ಕೇಳುವ ಪ್ರಶ್ನೆ! ಯಾವುದೋ ಬಂದರಿನಲ್ಲಿ ಯಾರದೋ ಹಡಗು ಮುಳುಗಿತು. ಅವರಿಗೆ ಇವರು ಮಾತು ಕೊಟ್ಟಿದ್ದರಂತೆ, ಇವರಿಗೆ ನಮ್ಮವರು ಕೊಟ್ಟಿದ್ದರಂತೆ. ಹದಿನೈದು ದಿನದೊಳಗೆ ಹನ್ನೊಂದು ದೇಶಗಳು ಮಾತು ಉಳಿಸಿಕೊಳ್ಳಲು ಹೊರಟವು. ಆ ಬಂದರು ಎಲ್ಲಿದೆ ಎಂದು ನಾವು ಹುಡುಕಿದ್ದು ನಿನ್ನನ್ನು ರೈಲು ಹತ್ತಿಸಿ ಬಂದ ಮೇಲೆ, ಪಕ್ಕದ ಮನೆಯ ಕನ್ನಡಕದ ಮಾಮನ ಭೂಪಟದಲ್ಲಿ. ಮಾಮನೇ ಭೂತಗನ್ನಡಿ ಹಿಡಿದು ತೋರಿಸಿದರು. "ಇಷ್ಟು ಸಣ್ಣದಕ್ಕಾ?" ಎಂದು ನಕ್ಕರು. ಅವರು ಹುಟ್ಟಿದ್ದು ಗಡಿಯಾಚೆ ಎಂಬುದು ನಮಗ್ಯಾರಿಗೂ ನೆನಪೇ ಇರಲಿಲ್ಲ. ಯುದ್ಧದ ಮೂರನೆಯ ವಾರ ಇಡೀ ಬೀದಿಗೆ ನೆನಪಾಯಿತು.

ಮಾಮ ಶಿಬಿರದಲ್ಲಿ ಕ್ಷೇಮವಾಗಿದ್ದಾರೆ ಎಂದು ನಿನಗೆ ಬರೆದಿದ್ದೆನಲ್ಲ, ಅದು ಸುಳ್ಳು. ಆಚೆ ಹುಟ್ಟಿದವರೆಲ್ಲ ಸಂಜೆ ಸರಿಯಾಗಿ ನಾಲ್ಕಕ್ಕೆ ಮನೆಬಾಗಿಲಲ್ಲಿ ನಿಲ್ಲಬೇಕು, ಪೊಲೀಸ್ ವ್ಯಾನು ಬಂದು ಕರೆದೊಯ್ಯುತ್ತದೆ, ಅಲ್ಲಿಯವರೆಗೆ ಹೊರಗೆ ಕಾಲಿಡಬಾರದು ಎಂದು ಆಜ್ಞೆಯಾಗಿತ್ತು. ನಮ್ಮ ಅಂಗಡಿಯ ದೊಡ್ಡ ಗಡಿಯಾರ ನಾಲ್ಕು ಹೊಡೆಯಿತು. ಮಾಮ ಸೂಟ್‌ಕೇಸ್ ಹಿಡಿದು ಹೊರಗೆ ಬಂದರು. ಅಪ್ಪ ಎಲ್ಲ ಗಡಿಯಾರವನ್ನೂ ಐದು ನಿಮಿಷ ಮುಂದಿಡುತ್ತಾರೆ ಎಂಬುದು ನಿನಗೇನು ಹೊಸದೇ? "ಬೇಗ ಹೋದೋನು ಕಾಯ್ತಾನೆ, ತಡವಾಗಿ ಹೋದೋನು ಅಳ್ತಾನೆ." ನಿನ್ನಪ್ಪನ ದೆಸೆಯಿಂದ ಇಪ್ಪತ್ತು ವರ್ಷ ಸ್ಟೇಷನ್ನಿನಲ್ಲಿ ಸುಮ್ಮನೆ ಕೂತಿದ್ದೇನೆ ಎಂದು ಮಾಮನೇ ರೇಗಿಸುತ್ತಿದ್ದರು. ಆ ದಿನದ ಗಾಬರಿಯಲ್ಲಿ ಅವರಿಗೂ ಮರೆತುಹೋಯಿತು.

ಬೀದಿಯವರು ಆಗಲೇ ಸೇರಿದ್ದರು. ಹೊರಗಿನವರಲ್ಲ ಕಣೋ, ನಮ್ಮವರೇ. ನಿನಗೆ ಅಕ್ಷರ ಕಲಿಸಿದ ಟೀಚರಮ್ಮ ಇಸ್ತ್ರಿಪೆಟ್ಟಿಗೆ ಹಿಡಿದು ಬಂದು ಮೊದಲ ಏಟು ಹಾಕಿದಳು. ಮಾಮ ಮಾಡಿಕೊಟ್ಟ ಕನ್ನಡಕ ಅವಳ ಮೂಗಿನ ಮೇಲೇ ಇತ್ತು. ಮಾಮನ ಕಿವಿಯಿಂದ ರಕ್ತ ಕೊರಳಪಟ್ಟಿಗೆ ಇಳಿಯುತ್ತಿತ್ತು. ಓಡಿ ನಮ್ಮ ಬಾಗಿಲಿಗೇ ಬಂದರು. ಎರಡೂ ಕೈಯಲ್ಲಿ ಬಡಿಯುತ್ತಾ, "ಮಗಳೇ, ಬಾಗ್ಲು ತೆಗಿ, ನಾನು ಕಣಮ್ಮಾ" ಅಂದರು. ನಾನು ಒಳಗಿನಿಂದ ಚಿಲಕ ಹಾಕಿದೆ. ಅಪ್ಪ ನನ್ನ ಹಿಂದೆಯೇ ನಿಂತಿದ್ದರು, ತೆಗೆ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಸರಪಳಿ, ಸೌದೆ, ಬೂಟುಗಾಲು, ಎಲ್ಲದರ ಸದ್ದೂ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು. ಬಾಗಿಲ ಕೆಳಗಿನ ಸಂದಿಯಿಂದ ರಕ್ತ ಒಳಗೆ ಬಂತು; ನಾನು ಕಾಲು ಹಿಂದಕ್ಕೆಳೆದುಕೊಂಡೆ. ವ್ಯಾನು ಹೇಳಿದ ಹೊತ್ತಿಗೇ ಬಂತು. ಪೊಲೀಸಿನವನು ಕೈಗಡಿಯಾರ ನೋಡಿಕೊಂಡು, "ನಾವೇನೂ ತಡ ಮಾಡಿಲ್ಲ" ಅಂದ. ಹೊಸ್ತಿಲು ತೊಳೆದದ್ದು ನಾನೇ. ಅಪ್ಪ ಗಡಿಯಾರವನ್ನು ಸರಿಮಾಡಲಿಲ್ಲ. ಸರಿಮಾಡಿದರೆ ಒಪ್ಪಿಕೊಂಡ ಹಾಗಾಗುತ್ತದಲ್ಲ. ಈ ಮನೆಯಲ್ಲಿ ಆ ಮಾತು ಇವತ್ತಿಗೂ ಎದ್ದಿಲ್ಲ.

ಮಾರನೆಯ ದಿನ ಟೀಚರಮ್ಮ ಎಂದಿನಂತೆ ಪಾಠ ಮಾಡಿದಳು. ನನಗೆ ಹೆದರಿಕೆಯಾದದ್ದು ಅದಕ್ಕೇ. ಒಂದು ಸಲ ಕೈ ಪಳಗಿತು ನೋಡು, ಆಮೇಲೆ ಎಲ್ಲ ಸಲೀಸು. ಹೋದ ತಿಂಗಳು ಕಾರ್ಖಾನೆಯಲ್ಲಿ ಎರಕ ಹೊಯ್ಯುವವನೊಬ್ಬ ಮಾಡಿದ ಗಡಿಯಾರದ ಎರಡು ಕವಚ ಬಿರುಕು ಬಿಟ್ಟಿದ್ದವು. ಬೇಕೆಂದೇ ಮಾಡಿದ್ದಾನೆ, ದ್ರೋಹಿ ಎಂದು ಊಟದ ಬಿಡುವಿನಲ್ಲಿ ಅಂಗಳದ ಗೋಡೆಗೆ ನಿಲ್ಲಿಸಿ ಗುಂಡು ಹಾರಿಸಿದರು. ನಾವೆಲ್ಲ ಸಾಲಾಗಿ ನಿಂತು ನೋಡಬೇಕಿತ್ತು. ಅವನ ತಲೆಯ ಚೂರು ಗೋಡೆಗೆ ಅಂಟಿತ್ತು. ಬಿಡುವು ಇನ್ನೂ ಹತ್ತು ನಿಮಿಷ ಉಳಿದಿತ್ತು, ಎಲ್ಲರೂ ಕೂತು ಬ್ರೆಡ್ಡು ತಿಂದೆವು. ನಾನೂ ತಿಂದೆ. ಹಸಿವಾಗಿತ್ತು.

ಗುರುವಾರ ಆಸ್ಪತ್ರೆಗೆ ಹೋಗಿದ್ದೆ. ನಮ್ಮ ಬೀದಿಯ ಕ್ಷೌರದಂಗಡಿಯ ಉದ್ದಣ್ಣ ನಿಮ್ಮ ಹಾಗೇ ಸೇತುವೆ ಒಡೆಯುವ ತುಕಡಿಯಲ್ಲಿದ್ದನಲ್ಲ, ವಾಪಸು ಬಂದಿದ್ದಾನೆ. ಎರಡೂ ಕೈ ಮೊಣಕೈಯಿಂದ ಕೆಳಗಿಲ್ಲ. "ಇನ್ನು ಯಾರ ಕತ್ತೂ ಕೊಯ್ಯಲ್ಲ ಬಿಡಕ್ಕಾ" ಎಂದು ನಗಿಸಲು ನೋಡಿದ. ಗಂಜಿ ಕುಡಿಸುತ್ತಾ ಹೇಗಾಯಿತು ಎಂದು ಕೇಳಿದೆ. "ಹತ್ತು ನಿಮಿಷಕ್ಕೆ ಇಟ್ಟು ಓಡಿದ್ವಿ ಕಣಕ್ಕಾ. ಸೇತುವೆ ಇನ್ನೂ ದಾಟಿರ್ಲಿಲ್ಲ, ಅಷ್ಟ್ರಲ್ಲೇ ಸಿಡೀತು" ಅಂದ. ಜೊತೆಗಿದ್ದ ಆರು ಜನರಲ್ಲಿ ಒಬ್ಬನ ಬೂಟು ಮಾತ್ರ ಸಿಕ್ಕಿತಂತೆ, ಕಾಲಿನ ಸಮೇತ. ಶತ್ರುಗಳು ಕಾರ್ಖಾನೆಗೆ ಗೂಢಚಾರನನ್ನು ಬಿಟ್ಟಿದ್ದಾರೆ ಎಂದು ಅಲ್ಲಿ ಎಲ್ಲರೂ ಹೇಳುತ್ತಾರಂತೆ.

ಸ್ವೆಟರಿನ ತೋಳು ಉದ್ದವಾಗಿದ್ದರೆ ಮಡಚಿಕೋ. ನಿನ್ನ ಅಳತೆ ನನಗೆ ಈಗ ಸರಿಯಾಗಿ ಗೊತ್ತಿಲ್ಲ, ಅದೇ ಒಂದು ಸಂಕಟ. ಹೋದ ಹಾಗೇ ಎರಡು ಕೈ ಎರಡು ಕಾಲು ಇಟ್ಟುಕೊಂಡು ಮನೆಗೆ ಬಾ. ಅಪ್ಪನ ಆಶೀರ್ವಾದಗಳು.

ನಿನ್ನ,
ಅಕ್ಕ

ಮರೆಯುವ ಮುನ್ನ: ಅಂಚೆಯವನ ಅಳಿಯ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಅಪ್ಪ ಕೈತೊಳೆಯಲು ಎದ್ದಾಗ ಅವರ ಮೇಜಿನಿಂದ ಒಂದು ಗಡಿಯಾರ ತೆಗೆದು ಹತ್ತು ನಿಮಿಷಕ್ಕಿಟ್ಟೆ. ಐದಕ್ಕೇ ಟಕ್ ಎಂದಿತು. ಇನ್ನೊಂದನ್ನು ನೋಡಿದೆ, ಅದೂ ಐದೇ. ಗೂಢಚಾರ ಯಾರೂ ಇಲ್ಲ ತಮ್ಮಾ. ನಲವತ್ತು ವರ್ಷದ ಕೈ, ಮುಳ್ಳನ್ನು ಮುಂದಿಟ್ಟೇ ಕೂರಿಸುತ್ತಿದೆ, ಅಪ್ಪನಿಗೇ ಗೊತ್ತಿಲ್ಲ. ನಾಳೆಯಿಂದ ಮುಚ್ಚಳ ಹಾಕುವ ಮೊದಲು ನಾನು ತಿದ್ದಿ, ಹಕ್ಕಿಕಾಲಿನ ಕೆಳಗೆ ಅಡ್ಡಗೆರೆ ಎಳೆಯುತ್ತೇನೆ. ಆದರೆ ಸಾವಿರಗಟ್ಟಲೆ ಆಗಲೇ ನಿಮ್ಮ ಕಡೆ ಬಂದಿವೆ. ಮುಚ್ಚಳದೊಳಗೆ ಗೆರೆಯಿಲ್ಲದ ಹಕ್ಕಿಕಾಲು ಕಂಡರೆ ನೀನು ಐದು ನಿಮಿಷ ಹೆಚ್ಚಿಗೆ ಇಡು. ಯಾರಿಗೂ ಹೇಳಬೇಡ. ಮಾತು ಮೇಲಿನವರ ಕಿವಿಗೆ ಬಿದ್ದರೆ ಅಪ್ಪನನ್ನು ಅದೇ ಗೋಡೆಗೆ ನಿಲ್ಲಿಸುತ್ತಾರೆ. ಬೇರೆ ತುಕಡಿಯವರಿಗೂ ಅಕ್ಕಂದಿರು ಇರುತ್ತಾರೆ, ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ. ಅವತ್ತು ಚಿಲಕ ಹಾಕಿದ್ದೂ ಇದೇ ಕೈ.