ನನ್ನ ಕೈಯ ಎರಡು ಹಲ್ಲುಗಳು

ಲಾಸ್ ಅಲ್ಗೊದೋನೆಸ್,
ಫೆಬ್ರವರಿ ೧೧, ಬುಧವಾರ

ಮುದ್ದು ಮಗಳು ನೆರೈದಾಳಿಗೆ, ನಿನ್ನ ಅಪ್ಪ ತಲೆ ಸವರಿ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಗ್ವಾಯ್ಮಾಸಿನ ಕಡಲಗಾಳಿಗೆ ನಿನ್ನ ಕೆಮ್ಮು ಜಾಸ್ತಿಯಾಗಿಲ್ಲ ತಾನೆ? ಅಳಿಯ ಎವೆರಾರ್ದೊ ಚೆನ್ನಾಗಿದ್ದಾನಾ? ಅಳಿಯ ಅಂತ ಬರೆಯುವ ಹಕ್ಕು ನನಗಿದೆಯೋ ಇಲ್ಲವೋ, ಬರೆದುಬಿಟ್ಟೆ. ನಾನು ಇದ್ದೇನೆ. ಸಕ್ಕರೆ ಕಾಯಿಲೆ ಹದ್ದುಬಸ್ತಿನಲ್ಲಿದೆ. ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಿನ್ನ ಸೋದರತ್ತೆ ಎರ್ಮಿನಿಯಾ ಭಾನುವಾರ ನಿಮ್ಮೂರಿಗೆ ಬರುತ್ತಾಳಂತೆ, ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ.

ಇಲ್ಲಿ ಚಳಿಗಾಲ ಕಳೆಯಲು ಬರುವ ಜನ ಬಂದಿದ್ದಾರೆ. ಗಡಿಬಾಗಿಲಲ್ಲಿ ಬೆಳಗ್ಗೆಯಿಂದಲೇ ಅಮೆರಿಕದ ಗ್ರಿಂಗೊ ಮುದುಕರ ಸಾಲು, ಎಲ್ಲರಿಗೂ ನಾಳೆಯೇ ಹಲ್ಲು ಬೇಕು. ನಿನ್ನೆ ನಮ್ಮ ದವಾಖಾನೆಯ ಡಾಕ್ಟರ್ ಕಸಿಲ್ದಾ ಒಬ್ಬ ಅಜ್ಜಿಗೆ ಹೇಳುತ್ತಿದ್ದಳು: "ನಿಮ್ಮ ಹುಟ್ಟುಹಲ್ಲು ಮಾತ್ರ ಬೆಳ್ಳಗಾಗುತ್ತೆ ಅಜ್ಜಿ. ಈ ಪಿಂಗಾಣಿ ಹಲ್ಲಿಗೆ ಮದ್ದು ನಾಟೋದಿಲ್ಲ, ಅದು ಇದ್ದ ಹಾಗೇ ಇರುತ್ತೆ. ಮೊದಲು ಬಿಳಿ ಮಾಡಿಸಿ, ಎರಡು ವಾರ ಬಿಟ್ಟು, ಬಣ್ಣ ನಿಂತಮೇಲೆ ಅದಕ್ಕೊಪ್ಪೋ ಹಾಗೆ ಹೊಸದು ಹಾಕೋಣ." ನಲವತ್ತು ವರ್ಷದಿಂದ ಪಿಂಗಾಣಿ ಹಲ್ಲು ಮಾಡುತ್ತಿರುವ ನನಗೆ ಗೊತ್ತಿಲ್ಲದ ಮಾತೇ ಇದು? ಆದರೂ ಕೇಳುತ್ತ ನಿಲ್ಲಲಾಗಲಿಲ್ಲ. ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡೆ.

ಕಾಂದೆಲಾರಿಯಾ ಹಬ್ಬದ ದಿನ ಎರ್ಮಿನಿಯಾ ಜೋಳದ ಹಿಟ್ಟಿನ ತಮಾಲೆ ಬೇಯಿಸಿಕೊಂಡು ಬಂದಿದ್ದಳು, ಜೊತೆಗೆ ನಿನ್ನ ಮದುವೆಯ ಫೋಟೊಗಳು. ಒಂದೊಂದನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಒಂದರಲ್ಲೂ ನೀನು ಬಾಯಿ ಬಿಟ್ಟು ನಕ್ಕಿಲ್ಲ. ಕೇಕು ಕತ್ತರಿಸುವಾಗ ಎಲ್ಲರೂ ಬಿದ್ದುಬಿದ್ದು ನಗುತ್ತಿದ್ದಾರೆ, ನಿನ್ನ ಅಂಗೈ ಬಾಯಿಗೆ ಅಡ್ಡ. "ನೋಡೋ ಮಹರಾಯ, ಮದುವಣಗಿತ್ತಿ ತುಟಿ ಹೊಲ್ಕೊಂಡು ಕೂತಿದ್ದಾಳೆ. ನಿನ್ನ ಜಂಬಕ್ಕಿಷ್ಟು ಬೆಂಕಿ ಹಾಕ!" ಅಂತ ಎರ್ಮಿನಿಯಾ ನನಗೆ ಉಗಿದಳು. ತಟ್ಟೆ ಪಕ್ಕಕ್ಕೆ ಸರಿಸಿಬಿಟ್ಟೆ ಕಣಮ್ಮ. ನಿನ್ನನ್ನು ಕೈಹಿಡಿದು ದೇವರ ಮುಂದೆ ಕರೆದೊಯ್ದವನು ನಿನ್ನ ಸೋದರಮಾವ. ಆ ಜಾಗ ನನ್ನದು. ಬಿಟ್ಟುಕೊಟ್ಟವನೂ ನಾನೇ.

ನಿನಗೆ ಹದಿನೆಂಟಾಗಿತ್ತು, ಬೇಸ್‌ಬಾಲ್ ಚೆಂಡು ಬಡಿದು ಮುಂದಿನ ಎರಡು ಹಲ್ಲು ಮುರಿದಾಗ. ರಕ್ತ ಒರೆಸಿಕೊಂಡು "ಅಪ್ಪ ಇದ್ದಾರೆ ಬಿಡ್ರೇ, ಹೊಸದು ಮಾಡ್ಕೊಡ್ತಾರೆ" ಅಂತ ಗೆಳತಿಯರಿಗೆ ನೀನೇ ಸಮಾಧಾನ ಹೇಳಿದ್ದೆಯಂತೆ. ಹನ್ನೊಂದು ದಿನ ಹಿಡಿಯಿತು. ಐದು ಜೊತೆ ಮಾಡಿ ಒಡೆದು ಹಾಕಿದೆ. ಬೆಳಗಿನ ಬೆಳಕಲ್ಲಿ ಬಡಗಣ ಕಿಟಕಿಯ ಹತ್ತಿರ ನಿನ್ನನ್ನು ಕೂರಿಸಿ, ಪಕ್ಕದ ಹಲ್ಲಿನ ಸಣ್ಣ ಬೂದು ಗೆರೆಯನ್ನೂ ಬಿಡದೆ ಕುಂಚದ ತುದಿಯಿಂದ ಎಳೆದೆ. ಆಮೇಲೆ ಮನೆಗೆ ಯಾವ ಡಾಕ್ಟರು ಬಂದರೂ ನಮ್ಮದು ಅದೇ ಆಟ: ನೀನು ಹಲ್ಲು ಕಿರಿಯುವುದು, ನಾನು "ಹೇಳಿ ನೋಡೋಣ, ನಾನು ಮಾಡಿದ್ದು ಯಾವುದು?" ಅನ್ನುವುದು. ಒಬ್ಬರೂ ಸರಿಯಾಗಿ ಹೇಳಲಿಲ್ಲ. ನನಗಿಂತ ನಿನಗೇ ಹೆಮ್ಮೆ.

ಆಮೇಲೆ ಹೋದ ಡಿಸೆಂಬರಿನ ಆ ಫೋನು. ನೀನು ಮದುವೆಗೆಂದು ಹಲ್ಲು ಬಿಳಿ ಮಾಡಿಸಿಕೊಂಡಿದ್ದೆ. ಸುತ್ತಲಿನವೆಲ್ಲ ಹಾಲಿನ ಹಾಗಾಗಿ ನನ್ನವೆರಡು ಹಳದಿಯಾಗಿ ಉಳಿದಿದ್ದವು. ಎವೆರಾರ್ದೊನ ಅಣ್ಣನ ಮಗಳು "ಚಿಕ್ಕಮ್ಮ, ಇವೆರಡು ಮಾತ್ರ ಕಾಫಿ ಕುಡಿತಾವಾ?" ಅಂದಳಂತೆ. ನೀನು ಅಳುತ್ತಿದ್ದೆ. ನಾನು ಸಮಾಧಾನ ಮಾಡಲಿಲ್ಲ. "ಹಲ್ಲು ಮಾಡೋನ ಮಗಳಾಗಿ ಅಪ್ಪನನ್ನ ಒಂದು ಮಾತು ಕೇಳಬಾರದಾ? ಬುದ್ಧಿ ಎಲ್ಲಿಟ್ಟಿದ್ದೆ?" ಅಂತ ಅರಚಿದೆ. "ಕೇಳಿದ್ದೆ ಅಪ್ಪಾ. ಮಾಡಿಸ್ಕೋ ಅಂದಿದ್ದು ನೀನೇ" ಅಂದೆ ನೀನು. "ನನ್ನ ಹತ್ರ ಸುಳ್ಳು ಹೇಳ್ಬೇಡ" ಅಂದೆ ನಾನು. ಊರಿಗೆಲ್ಲ ಅದನ್ನೇ ಸಾರಿದೆ. ಸುಳ್ಳಾಡಿದವಳು ಕ್ಷಮೆ ಕೇಳಲಿ, ಆಮೇಲೆ ಮದುವೆಗೆ ಹೋಗುತ್ತೇನೆ ಅಂತ ಮನೆಯಲ್ಲೇ ಕೂತೆ.

ಹೊಸದು ಮಾಡಿಕೊಡುತ್ತೇನಮ್ಮ. ಫೋಟೊ ಕಳಿಸಿದರೆ ಆಗದು, ಫೋನಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ. ನೀನೇ ಬಂದು ಕಿಟಕಿಯ ಹತ್ತಿರ ಕೂರಬೇಕು. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಮಾತಾಡಬೇಡ, ಬಾಯಿ ತೆರೆದರೆ ಸಾಕು. ಅದೂ ಬೇಡವೆಂದರೆ ಅಲ್ಲೇ ಯಾರ ಹತ್ತಿರವಾದರೂ ಮಾಡಿಸಿಕೋ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತ್ರ ಬದುಕಬೇಡ.

ಬೀಗರಿಗೆ ನನ್ನ ನಮಸ್ಕಾರ ತಿಳಿಸು. ಕಾಫಿಯ ಮಾತಾಡಿದ ಆ ತುಂಟ ಹುಡುಗಿಗೆ ಒಂದು ಮುತ್ತು. ನೀವಿಬ್ಬರೂ ನೂರು ಕಾಲ ತಣ್ಣಗಿರಿ.

ನಿನ್ನ ಅಪ್ಪ,
ವೆನ್ಸೆಸ್ಲಾವ್

ತಾ.ಕ.: ಇವತ್ತು ಭಾನುವಾರ, ಎರ್ಮಿನಿಯಾ ಹೊರಟು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ. ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನೀನು ಕೇಳಿದ್ದೆ ಮಗಳೇ. ನವೆಂಬರಿನಲ್ಲಿ, ನಾನು ಕೆಲಸಕ್ಕೆ ಕೂತಿದ್ದಾಗ. "ನನ್ನ ಹಲ್ಲು ಬಿಳಿ ಮಾಡಿಸಬಹುದಾ ಅಪ್ಪಾ?" ಅಂದೆ ನೀನು. "ಧಾರಾಳವಾಗಿ ಮಾಡಿಸ್ಕೋ, ನಿನ್ನ ಹಲ್ಲಿಗೇನು ಕೊರತೆ" ಅಂದೆ ನಾನು. ನೀನು ಅಳುತ್ತ ನೆನಪಿಸಿದಾಗಲೇ ಎಲ್ಲ ನೆನಪಾಗಿತ್ತು. ಆದರೂ ನಿನ್ನನ್ನೇ ಸುಳ್ಳಿ ಮಾಡಿದೆ. ಕೆಲಸದ ಗಡಿಬಿಡಿಯಲ್ಲಿ ಹಾಗಂದದ್ದಲ್ಲ. ಆ ಎರಡು ನಿನ್ನ ಹುಟ್ಟುಹಲ್ಲಲ್ಲ, ನಾನು ಮಾಡಿದವು ಅನ್ನುವುದೇ ನನಗೆ ಮರೆತುಹೋಗಿತ್ತು.